ಕೊಳಗ ಯಾರ ಕೈಯಲ್ಲಿರಬೇಕು?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಮೇಗರವಳ್ಳಿಯಿಂದ ತೀರ್ಥಹಳ್ಳಿಗೆ ಹೋಗುವ ಬಸ್ಸಿನಲ್ಲಿ ಕೂತವರಿಗೆ ಈ ಮಾತು ಕೇಳಿಸದೆ ಇರುವುದಿಲ್ಲ: “ಮಾರ್ಕ್ಸ್ ಸಾಕಾಗ್ಲಿಲ್ಲ ಮಾರಾಯ್ರೆ, ಹಂಗಾಗಿ ಕಾಮರ್ಸಿಗೆ ಹಾಕಿದ್ವಿ.” ಪಕ್ಕದ ಸೀಟಿನಿಂದ ಸಮಾಧಾನವೂ ಸಿದ್ಧವಾಗಿರುತ್ತದೆ: “ಇರ್ಲಿ ಬಿಡಿ. ಬಿ.ಕಾಂ. ಒಂದು ಮುಗಿಸಿ ಬೆಂಗಳೂರು ಸೇರ್ಲಿ. ಇಲ್ಲೆಂಥ ಇದೆ?”

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳು ಲೆಕ್ಕಶಾಸ್ತ್ರದ ಬಗ್ಗೆ ಏನು ತಿಳಿದುಕೊಂಡಿವೆ ಎಂಬುದೆಲ್ಲ ಈ ಎರಡು ಮಾತಿನಲ್ಲೇ ಇದೆ. ಕಾಮರ್ಸ್ ಎಂದರೆ ಸೈನ್ಸ್ ಸಿಗದವರ ಪಾಲು. ಅದರಲ್ಲೂ ಸಿಎ ಆದವನೊಬ್ಬನೇ ಗೆದ್ದವನು, ಉಳಿದವರು ಟ್ಯಾಲಿಯಲ್ಲಿ ಎಂಟ್ರಿ ಹೊಡೆಯುವವರು. ಆ ಎಂಟ್ರಿ ಹೊಡೆಯುವ ಕೆಲಸ ಇರುವುದೂ ಬೆಂಗಳೂರಿನಲ್ಲಿ. ಅಡಿಕೆ ತೋಟದ ನಡುವೆ ಅದಕ್ಕೆ ಜಾಗವಿಲ್ಲ. ತಂದೆತಾಯಿ ಇದನ್ನು ನಂಬಿದ್ದಾರೆ, ಹುಡುಗ ಹುಡುಗಿಯರು ನಂಬಿದ್ದಾರೆ, ಪಾಠ ಹೇಳುವವರಲ್ಲಿ ಅನೇಕರು ನಂಬಿದ್ದಾರೆ. ಸಹಕಾರ ಸಂಘಗಳ ನಿರ್ದೇಶಕರಂತೂ ಬಹಳ ಅನುಕೂಲಕರವಾಗಿ ನಂಬಿಕೊಂಡಿದ್ದಾರೆ. ಈ ನಂಬಿಕೆ ಬುಡದಿಂದ ತುದಿಯವರೆಗೆ ತಪ್ಪು. ಲೆಕ್ಕ ಗೊತ್ತಿರುವ ಮನುಷ್ಯ ಬೆಂಗಳೂರಿಗಿಂತ ಹೆಚ್ಚು ಬೇಕಾಗಿರುವುದು ಮೇಗರವಳ್ಳಿಗೆ. ಅವನನ್ನು ಊರಿಗೆ ಬೇಡದವನೆಂದು ಸಾಗಹಾಕುತ್ತಿರುವುದರಿಂದ ಊರು ಪ್ರತಿವರ್ಷ ನಷ್ಟ ಅನುಭವಿಸುತ್ತಿದೆ. ಆ ನಷ್ಟವನ್ನು ಎಣಿಸಬಲ್ಲವರನ್ನೂ ಕಳಿಸಿಬಿಟ್ಟಿರುವುದರಿಂದ ಅದು ಯಾರ ಕಣ್ಣಿಗೂ ಬೀಳುತ್ತಿಲ್ಲ.

ಎದುರುಪಕ್ಷದ ಮಾತಿನಲ್ಲಿ ಹುರುಳೇ ಇಲ್ಲ ಎನ್ನುವುದಿಲ್ಲ. ಸಿಎ ಪರೀಕ್ಷೆ ಕಷ್ಟದ್ದು ಹೌದು. ಊರಿನ ಸೊಸೈಟಿಗಳು ಕೊಡುವ ಸಂಬಳ ಹೇಳಿಕೊಳ್ಳುವಂಥದ್ದಲ್ಲ ಎಂಬುದೂ ಹೌದು. ಅಡಿಕೆಗೆ ಬೆಲೆ ಬಂದ ವರ್ಷಗಳಲ್ಲಿ ತೋಟವಿದ್ದವರಿಗೆ ಪದವಿಯ ಹಂಗೇ ಬೇಡವೆನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಇವೆಲ್ಲ ಊರು ಲೆಕ್ಕಕ್ಕೆ ಎಷ್ಟು ಬೆಲೆ ಕೊಡುತ್ತಿದೆ ಎನ್ನುವುದಕ್ಕೆ ಸಾಕ್ಷಿ. ಊರಿಗೆ ಲೆಕ್ಕ ಎಷ್ಟು ಬೇಕು ಎಂಬ ಪ್ರಶ್ನೆಗೆ ಇವು ಉತ್ತರವಾಗುವುದಿಲ್ಲ.

ಈ ಮೂರು ತಾಲ್ಲೂಕುಗಳ ಚರಿತ್ರೆಯನ್ನೇ ತೆಗೆಯಿರಿ. ಇಂದಿನ ಹೊಸನಗರ ತಾಲ್ಲೂಕಿನ ನಗರ, ಅಂದರೆ ಅಂದಿನ ಬಿದನೂರಿನಿಂದ ಆಳಿದ ಕೆಳದಿಯ ಶಿವಪ್ಪನಾಯಕನ ಹೆಸರು 17ನೇ ಶತಮಾನದಿಂದ ಇಂದಿನವರೆಗೂ ಉಳಿದಿರುವುದು ಯುದ್ಧಗಳಿಗಿಂತ ಹೆಚ್ಚಾಗಿ ಕಂದಾಯದ ‘ಶಿಸ್ತಿ’ನಿಂದ. ಪ್ರತಿ ಹಳ್ಳಿಯಲ್ಲೂ ಒಂದೊಂದು ಬಗೆಯ ನೆಲಕ್ಕೆ ಒಂದೊಂದು ಗದ್ದೆ ಆರಿಸಿ, 12 ವರ್ಷ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ಆದ ಖರ್ಚು, ಬಂದ ಫಸಲು ಮೂರನ್ನೂ ಬರೆಸಿ, ಆ ಸರಾಸರಿಯ ಮೇಲೆ ಕಂದಾಯ ಕಟ್ಟಿದನೆಂದು ಹಳೆಯ ಗೆಜೆಟಿಯರ್‌ಗಳು ದಾಖಲಿಸಿವೆ. ಇಂದು ಬಿ.ಕಾಂ. ತರಗತಿಯಲ್ಲಿ ಕಾಸ್ಟ್ ಅಕೌಂಟಿಂಗ್ ಎಂದು ಓದಿಸುವುದು ಇದನ್ನೇ. ಪಶ್ಚಿಮ ಘಟ್ಟದ ಮಳೆಯಲ್ಲಿ ಹುಟ್ಟಿದ ಒಂದು ರಾಜ್ಯ ತನ್ನ ಆಡಳಿತವನ್ನು ಖರ್ಚು ವೆಚ್ಚದ ಪುಸ್ತಕದ ಮೇಲೆ ನಿಲ್ಲಿಸಿತ್ತು.

ಅಲ್ಲಿಂದ ಸಾಗರ ತಾಲ್ಲೂಕಿನ ಕಾಗೋಡಿಗೆ ಬನ್ನಿ. 1951ರ ಕಾಗೋಡು ಸತ್ಯಾಗ್ರಹವನ್ನು ಎಲ್ಲರೂ ಭೂಮಿಯ ಹೋರಾಟವೆಂದು ನೆನೆಯುತ್ತಾರೆ, ಸರಿಯೇ. ಆದರೆ ಜಗಳ ಹೊತ್ತಿಕೊಂಡದ್ದು ಗೇಣಿ ಭತ್ತ ಅಳೆಯುವ ಕೊಳಗದ ಮೇಲೆ. ಒಡೆಯರ ಅಂಗಳದ ಕೊಳಗ ಅಂಗೀಕೃತ ಅಳತೆಗಿಂತ ದೊಡ್ಡದಿತ್ತು. ಗೇಣಿ ಇಷ್ಟು ಕೊಳಗ ಎಂದು ಕರಾರಾಗಿದ್ದರೆ ಕೊಳಗ ದೊಡ್ಡದಾದಷ್ಟೂ ಗೇಣಿ ಸದ್ದಿಲ್ಲದೆ ಏರುತ್ತದೆ. ಕಾಗದದ ಮೇಲೆ ಒಂದಕ್ಷರವೂ ಬದಲಾಗುವುದಿಲ್ಲ. ಸತ್ಯಾಗ್ರಹದ ಮುಂದಾಳು ಎಚ್. ಗಣಪತಿಯಪ್ಪ ಮತ್ತು ಅವರ ಜೊತೆಗಿದ್ದ ಗೇಣಿದಾರರು ಹಿಡಿದದ್ದು ಈ ವಂಚನೆಯನ್ನು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮಾರನೆಯ ವರ್ಷದ ಚುನಾವಣೆಯಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಶಾಂತವೇರಿ ಗೋಪಾಲಗೌಡರು ಸಾಗರ-ಹೊಸನಗರ ಕ್ಷೇತ್ರದಿಂದ ವಿಧಾನಸಭೆಗೆ ಹೋದರು. 1974ರ ಭೂಸುಧಾರಣೆಯ ತಿದ್ದುಪಡಿಗೆ ದಾರಿ ಮಾಡಿದ ಹೋರಾಟಗಳಲ್ಲಿ ಕಾಗೋಡಿನದು ಮುಂಚೂಣಿಯದು. ಶಾಲೆಯ ಮುಖ ಕಾಣದ ಗೇಣಿದಾರರು ಅಂದು ಕೇಳಿದ್ದು ಒಬ್ಬ ಆಡಿಟರ್ ಕೇಳಬೇಕಾದ ಪ್ರಶ್ನೆ: ಅಳೆಯುವ ಸಾಧನ ಸರಿಯಿದೆಯೇ, ಅದನ್ನು ಪರೀಕ್ಷಿಸಿದವರು ಯಾರು?

ಲೆಕ್ಕ ಆಗ ಕೆಲವೇ ಮನೆತನಗಳ ಸೊತ್ತಾಗಿತ್ತು. ಊರಿನ ಲೆಕ್ಕ ಬರೆಯುವ ಶಾನುಭೋಗಿಕೆ ತಂದೆಯಿಂದ ಮಗನಿಗೆ ಬರುತ್ತಿತ್ತು. ಪುಸ್ತಕದಲ್ಲಿ ಏನು ಬರೆದಿದೆಯೆಂದು ಕೇಳುವುದಕ್ಕೂ ರೈತ ಅಂಗಳದಲ್ಲಿ ಕೈಕಟ್ಟಿ ನಿಲ್ಲಬೇಕಾಗಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಆ ವಂಶಪಾರಂಪರ್ಯಕ್ಕೆ ಕೊನೆ ಹಾಡಿತು. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಬಂತು. ಇಂದು ತೀರ್ಥಹಳ್ಳಿಯ ತುಂಗಾ ಮಹಾವಿದ್ಯಾಲಯದಲ್ಲೋ, ಸಾಗರದ ಲಾಲ್ ಬಹಾದ್ದೂರ್ ಕಾಲೇಜಿನಲ್ಲೋ, ಹೊಸನಗರದ ಕೊಡಚಾದ್ರಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲೋ ಕೂಲಿಯವರ ಮಗಳೂ ಒಡೆಯರ ಮಗನೂ ಒಂದೇ ಬೆಂಚಿನಲ್ಲಿ ಕೂತು ಲೆಕ್ಕ ಕಲಿಯಬಹುದು. ಶತಮಾನಗಳ ಕಾಲ ಯಾವ ವಿದ್ಯೆಯನ್ನು ಮುಚ್ಚಿಟ್ಟು ಜನರನ್ನು ಆಳಿದರೋ ಅದು ಎಲ್ಲರ ಕೈಗೆ ಬಂದಿದೆ. ಬಂದ ಕೂಡಲೇ ನಾವು ಅದಕ್ಕೆ ‘ಮಾರ್ಕ್ಸ್ ಸಾಲದವರ ಪಾಲು’ ಎಂದು ಹೆಸರಿಟ್ಟೆವು!

ಇನ್ನು “ತೋಟದಲ್ಲಿ ಅಕೌಂಟಿಂಗಿಗೆ ಎಂಥ ಕೆಲಸ” ಎನ್ನುವ ಮಾತು. ಮಲೆನಾಡಿನಲ್ಲಿ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಡುವುದು ಎಲ್ಲರಿಗೂ ಗೊತ್ತು. ಚೇಣಿದಾರ ಕೊನೆ ಇಳಿಸಿ, ಸುಲಿಸಿ, ಬೇಯಿಸಿ, ಒಣಗಿಸಿ, ಒಂದು ಕ್ವಿಂಟಲ್ ಹಸಿ ಅಡಿಕೆಗೆ ಇಂತಿಷ್ಟು ಕಿಲೋ ಒಣ ಅಡಿಕೆ ಎಂದು ಯಜಮಾನನಿಗೆ ಅಳೆದು ಕೊಡುತ್ತಾನೆ. ಆ ‘ಇಂತಿಷ್ಟು’ ಎಷ್ಟೆಂದು ಬಹಳ ಮನೆಗಳಲ್ಲಿ ತೀರ್ಮಾನವಾಗುವುದು ‘ಪಕ್ಕದ ಮನೆಯವರು ಎಷ್ಟಕ್ಕೆ ಕೊಟ್ಟರು’ ಎಂಬುದರ ಮೇಲೆ. 100 ಕ್ವಿಂಟಲ್ ಹಸಿ ಅಡಿಕೆ ಇಳಿಯುವ ತೋಟದಲ್ಲಿ ಅರ್ಧ ಕಿಲೋ ಹೆಚ್ಚುಕಮ್ಮಿಯಾದರೆ 50 ಕಿಲೋ ಒಣ ಅಡಿಕೆ ಹೋಯಿತು. ಕ್ವಿಂಟಲಿಗೆ 45,000 ರೂಪಾಯಿ ಎಂದು ಹಿಡಿದರೂ 22,500 ರೂಪಾಯಿ. ಕಚ್ಚಾವಸ್ತು ಸಂಸ್ಕರಣೆಯಾಗುವಾಗ ಎಷ್ಟು ಕಳೆಯುವುದು ಸಹಜ, ಎಲ್ಲಿಂದ ಮುಂದೆ ಅಸಹಜ ಎಂದು ಗುರುತಿಸುವ ಪಾಠ ಬಿ.ಕಾಂ.ನಲ್ಲಿದೆ, ಹೆಸರು ಪ್ರೋಸೆಸ್ ಕಾಸ್ಟಿಂಗ್. ಹುಡುಗ ಅದನ್ನು ‘ಪ್ರೋಸೆಸ್ ಎ, ಪ್ರೋಸೆಸ್ ಬಿ’ ಎಂಬ ಹೆಸರಿಲ್ಲದ ಕಾರ್ಖಾನೆಯ ಮೇಲೆ ಬಿಡಿಸಿ ಮಾರ್ಕ್ಸ್ ತೆಗೆದುಕೊಂಡು, ಮನೆಗೆ ಬಂದು ಅಪ್ಪ ಚೇಣಿ ಮಾತಾಡುವಾಗ ಮೊಬೈಲ್ ನೋಡುತ್ತ ಕೂರುತ್ತಾನೆ. ತಾನು ಕಲಿತದ್ದು ಇದೇ ಎಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ಒಂದೇ ಮರದ ಎಳೆಯ ಕಾಯಿ ಹಸ, ಸ್ವಲ್ಪ ಬಲಿತದ್ದು ಬೆಟ್ಟೆ, ತೀರ ಬಲಿತದ್ದು ಗೊರಬಲು. ಒಂದೊಂದಕ್ಕೂ ಒಂದೊಂದು ಬೆಲೆ. ಗೊಬ್ಬರ, ಬೋರ್ಡೋ ದ್ರಾವಣ, ಕೊನೆ ಇಳಿಸುವ ಕೊನೆಗೌಡರ ಕೂಲಿ ಇವನ್ನೆಲ್ಲ ಇವುಗಳಲ್ಲಿ ಹೇಗೆ ಹಂಚಬೇಕು? ಯಾವ ಹಂತದಲ್ಲಿ ಕೊಯ್ದರೆ ನಿವ್ವಳ ಹೆಚ್ಚು? ಇದು ಜಾಯಿಂಟ್ ಪ್ರಾಡಕ್ಟ್‌ನ ಪಾಠ. ಇನ್ನು ಸವಕಳಿ. ನಮ್ಮ ಪಠ್ಯಗಳಲ್ಲಿ ಸವಕಳಿ ಎಂದರೆ ಲಾರಿ, ಯಂತ್ರ, ಮೇಜು ಕುರ್ಚಿ. ವರ್ಷವರ್ಷವೂ ಫಲ ಕೊಡುವ ಗಿಡವನ್ನೂ ಸ್ಥಿರಾಸ್ತಿಯೆಂದೇ ಎಣಿಸಿ ಸವಕಳಿ ಬರೆಯಬೇಕೆಂದು ಭಾರತದ ಲೆಕ್ಕ ಮಾನದಂಡ ಎಎಸ್ 10 ಹೇಳುತ್ತದೆ. ಎಂದರೆ ಅಡಿಕೆ ಮರವೂ ಅದರೊಳಗೇ ಬಂತು. ಬೆಳೆಗಾರ ತನ್ನ ಮನೆಯಲ್ಲಿ ಆ ಮಾನದಂಡ ಪಾಲಿಸಬೇಕಿಲ್ಲ, ಆದರೆ ಅದರ ಹಿಂದಿನ ವಿಚಾರ ಅವನಿಗೆ ಇಂದು ತೀರ ಅಗತ್ಯ. ಆಗುಂಬೆ, ಮೇಗರವಳ್ಳಿ ಸುತ್ತಿನ ತೋಟಗಳನ್ನು ಎಲೆಚುಕ್ಕಿ ರೋಗ ಹಿಂಡುತ್ತಿದೆ. ಔಷಧಿ ಹೊಡೆಸುತ್ತಲೇ ಹೋಗಬೇಕೇ, ಮರ ಕಡಿದು ಮರುನಾಟಿ ಮಾಡಬೇಕೇ, ಬೇರೆ ಬೆಳೆಗೆ ತಿರುಗಬೇಕೇ? ರೋಗಕ್ಕೆ ಮದ್ದನ್ನು ವಿಜ್ಞಾನಿ ಹೇಳಬೇಕು. ಆದರೆ ಈ ಮರದಲ್ಲಿ ಉಳಿದಿರುವ ಆಯಸ್ಸಿಗೆ ಇನ್ನೆಷ್ಟು ಖರ್ಚು ಹಾಕುವುದು ಲಾಭ ಎಂದು ಹೇಳಬೇಕಾದವನು ಲೆಕ್ಕ ಓದಿದವನು. ಅಂಥವನು ಊರಿನಲ್ಲಿಲ್ಲದ ಕಾರಣ ತೀರ್ಮಾನ ಧೈರ್ಯದ ಮೇಲೋ ಹತಾಶೆಯ ಮೇಲೋ ಆಗುತ್ತಿದೆ.

“ರೇಟು ಬರ್ಲಿ, ಕೊಡೋಣ” ಎಂದು ಅಡಿಕೆಯನ್ನು ಮಂಡಿಯಲ್ಲಿಟ್ಟು ಕಾಯುವುದು ಇಲ್ಲಿ ಜಾಣತನದ ಲಕ್ಷಣ. 10 ಕ್ವಿಂಟಲ್ ಇಟ್ಟಿದ್ದಾನೆ, ಇಂದಿನ ದರ 45,000, ಅದರ ಮೇಲೆ 3 ಲಕ್ಷ ಮುಂಗಡ ಎತ್ತಿದ್ದಾನೆ, ಬಡ್ಡಿ ವರ್ಷಕ್ಕೆ ಶೇ 12 ಎಂದಿಟ್ಟುಕೊಳ್ಳಿ. ಆರು ತಿಂಗಳಿಗೆ ಬಡ್ಡಿ 18,000. ಒಣಗಿ ತೂಕ ಶೇ 1ರಷ್ಟು ಇಳಿದರೆ ಉಳಿದದ್ದು 9.9 ಕ್ವಿಂಟಲ್. ಇಂದೇ ಮಾರಿದ್ದರೆ ಸಿಗುತ್ತಿದ್ದಷ್ಟೇ ಕೈಗೆ ಬರಬೇಕಾದರೂ ದರ 47,273 ಆಗಬೇಕು. ಆರು ತಿಂಗಳ ಮೇಲೆ 47,000ಕ್ಕೆ ಮಾರಿ “ಕ್ವಿಂಟಲಿಗೆ ಎರಡು ಸಾವಿರ ಜಾಸ್ತಿ ಸಿಕ್ತು” ಎಂದು ಮೀಸೆ ತಿರುವುವವನು ಅಸಲಿಗೆ ಕಳೆದುಕೊಂಡಿದ್ದಾನೆ. ಇದನ್ನು ಕೂಡಿ ಕಳೆಯಲು ಸಿಎ ಬೇಡ, ಮೊದಲ ವರ್ಷದ ಬಿ.ಕಾಂ. ಸಾಕು.

ಮನೆಯ ಲೆಕ್ಕ ಮನೆಯವರ ಪಾಡು ಎಂದು ಬಿಟ್ಟರೂ ಸಾರ್ವಜನಿಕ ಲೆಕ್ಕವನ್ನು ಹಾಗೆ ಬಿಡಲಾಗದು. ಮಲೆನಾಡು ನಿಂತಿರುವುದು ಸಹಕಾರದ ಮೇಲೆ. ಶಿವಮೊಗ್ಗದ ಮಾಮ್‌ಕೋಸ್ 1939ರದು, ಸಾಗರದಲ್ಲಿ ಆಪ್ಸ್‌ಕೋಸ್ ಇದೆ, ಹಳ್ಳಿಹಳ್ಳಿಗೆ ವ್ಯವಸಾಯ ಸೇವಾ ಸಹಕಾರ ಸಂಘಗಳಿವೆ, ಹಾಲಿನ ಡೇರಿಗಳಿವೆ, ಸೌಹಾರ್ದಗಳಿವೆ. ಬೆಳೆಸಾಲ, ಗೊಬ್ಬರ, ಠೇವಣಿ, ಮಾರಾಟ ಎಲ್ಲ ಇವುಗಳ ಮೂಲಕ. ಇವುಗಳ ಒಡೆಯರು ಸದಸ್ಯರು ಎಂದು ಕಾನೂನು ಹೇಳುತ್ತದೆ. ಒಡೆಯರು ಏನು ಮಾಡುತ್ತಿದ್ದಾರೆ? ಸೆಪ್ಟೆಂಬರ್ ಸುಮಾರಿಗೆ ವಾರ್ಷಿಕ ಮಹಾಸಭೆ ನಡೆಯುತ್ತದೆ. ವರದಿಯ ಪುಸ್ತಕ ಕೈಗೆ ಬರುತ್ತದೆ. ಅಧ್ಯಕ್ಷರ ಭಾಷಣ, ಪ್ರತಿಭಾ ಪುರಸ್ಕಾರ, ಡಿವಿಡೆಂಡ್ ಘೋಷಣೆ, ಚಪ್ಪಾಳೆ, ಊಟ. ಪುಸ್ತಕದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿರುವ ಜಮಾ-ಖರ್ಚು ಮತ್ತು ಅಢಾವೆ ಪತ್ರಿಕೆಯನ್ನು ತೆರೆಯುವವರಿಲ್ಲ. ಆಡಿಟರ್ ಬರೆದ ಆಕ್ಷೇಪಣೆಗಳ ಪಟ್ಟಿ ಕೇಳುವವರಂತೂ ಇಲ್ಲವೇ ಇಲ್ಲ. ಆಡಿಟರನ್ನು ನೇಮಿಸುವ ವಿಷಯ ಅದೇ ಸಭೆಯ ಮುಂದಿರುತ್ತದೆ. ಊಟದ ಎಲೆ ಹಾಕುವ ಹೊತ್ತಿಗೆ ಒಂದು ‘ಅನುಮೋದಿಸಲಾಯಿತು’ ಅದನ್ನೂ ಮುಗಿಸುತ್ತದೆ.

ಓದಬಲ್ಲವರಿಗೆ ಆ ಕೊನೆಯ ನಾಲ್ಕು ಪುಟದಲ್ಲಿ ಊರಿನ ಹಣೆಬರಹ ಇರುತ್ತದೆ. ಸುಸ್ತಿ ಸಾಲ ಹೋದ ವರ್ಷಕ್ಕಿಂತ ಹೆಚ್ಚಾಯಿತೇ? ಸುಸ್ತಿಯಾದ ಸಾಲವನ್ನು ಅದೇ ದಿನ ಹೊಸ ಸಾಲ ಬರೆದು ತೀರಿಸಿದಂತೆ ತೋರಿಸಿದ್ದಾರೆಯೇ? ವಸೂಲಾಗದ ಬಡ್ಡಿಯನ್ನೂ ಆದಾಯವೆಂದು ಸೇರಿಸಿ, ಅದರ ಮೇಲೆ ಡಿವಿಡೆಂಡ್ ಹಂಚುತ್ತಿದ್ದಾರೆಯೇ? ಬಾರದ ಹಣದಿಂದ ಕೊಟ್ಟ ಡಿವಿಡೆಂಡ್ ಎಂದರೆ ಸದಸ್ಯರ ಠೇವಣಿಯನ್ನೇ ಸದಸ್ಯರಿಗೆ ಹಂಚಿ ಚಪ್ಪಾಳೆ ಪಡೆದಂತೆ.

ಕೇಳದೆ ಬಿಟ್ಟರೆ ಏನಾಗುತ್ತದೆಂದು ಜಿಲ್ಲೆಗೆ ಗೊತ್ತಿದೆ. ಶಿವಮೊಗ್ಗ ಡಿಸಿಸಿ ಬ್ಯಾಂಕಿನ ಶಿವಮೊಗ್ಗ ನಗರ ಶಾಖೆಯಲ್ಲಿ ನಕಲಿ ಚಿನ್ನದ ಮೇಲೆ ಕೋಟ್ಯಂತರ ರೂಪಾಯಿ ಸಾಲ ಹೋದ ಪ್ರಕರಣ 2014ರಲ್ಲಿ ಬಯಲಾಗಿ, ಮುಂದೆ ಜಾರಿ ನಿರ್ದೇಶನಾಲಯದವರೆಗೆ ಹೋಯಿತು. 2020ರ ಜನವರಿಯಲ್ಲಿ ಬೆಂಗಳೂರು ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಠೇವಣಿದಾರರಿಗೆ ತೆಗೆಯಲು ಸಿಕ್ಕಿದ್ದು 35,000 ರೂಪಾಯಿ ಮಾತ್ರ. ನಿವೃತ್ತಿಯ ಹಣ ಇಟ್ಟವರು ಬೀದಿಯಲ್ಲಿ ನಿಂತರು. ಅವರಲ್ಲಿ ಓದಿದವರು, ದೊಡ್ಡ ಹುದ್ದೆಯಲ್ಲಿದ್ದವರು ಬೇಕಾದಷ್ಟಿದ್ದರು. ಇತರ ಬ್ಯಾಂಕಿಗಿಂತ ಹೆಚ್ಚು ಬಡ್ಡಿ ಹೇಗೆ ಕೊಡುತ್ತಾರೆ ಎಂದು ಅಢಾವೆ ಪತ್ರಿಕೆ ತೆರೆದು ನೋಡುವ ಅಭ್ಯಾಸ ಮಾತ್ರ ಇರಲಿಲ್ಲ.

ಬಡ್ಡಿಯ ಮಾತು ಬಂತು. ರಾಜ್ಯದಲ್ಲಿ ಶೂನ್ಯ ಬಡ್ಡಿಯ ಬೆಳೆಸಾಲದ ಮಿತಿಯನ್ನು 2023ರ ಬಜೆಟ್ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ವಾಯಿದೆಯೊಳಗೆ ತೀರಿಸಿದವರಿಗಷ್ಟೇ ಆ ಶೂನ್ಯ. ಅದನ್ನು ಉಳಿಸಿಕೊಳ್ಳಲು ವಾಯಿದೆ ಹತ್ತಿರ ಬಂದಾಗ ಬಡ್ಡಿಗೆ ಕೈಗಡ ಎತ್ತಿ ಕಟ್ಟಿ, ವಾರ ಬಿಟ್ಟು ಮತ್ತೆ ಎತ್ತುವುದು ಊರೂರಲ್ಲಿ ನಡೆದಿದೆ. ಶೂನ್ಯ ಬಡ್ಡಿಗೆ ನಿಜವಾಗಿ ತೆತ್ತ ಬಡ್ಡಿ ಎಷ್ಟು ಎಂದು ಬರೆದಿಟ್ಟವರು ಎಷ್ಟು ಜನ? ಹೆಣ್ಣುಮಕ್ಕಳ ಸಂಘಗಳಿಗೆ ಬನ್ನಿ. ಮನೆ ಬಾಗಿಲಿಗೆ ಬರುವ ಸಾಲದವನು “50,000, ವರ್ಷಕ್ಕೆ ಬರೀ 12 ಪರ್ಸೆಂಟು, ಫ್ಲಾಟ್” ಎನ್ನುತ್ತಾನೆ. ಅಸಲಿಗೆ 6,000 ಬಡ್ಡಿ ಸೇರಿಸಿ 12 ಕಂತು ಮಾಡಿದರೆ ತಿಂಗಳಿಗೆ 4,667. ಅಸಲು ತಿಂಗಳು ತಿಂಗಳು ಕರಗುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ 50,000ದ ಮೇಲೆ. ಹಾಗಾಗಿ ನಿಜವಾದ ದರ ಶೇ 21 ದಾಟುತ್ತದೆ. ಮೈಕ್ರೋ ಫೈನಾನ್ಸ್ ಕಿರುಕುಳ ತಡೆಯಲು ರಾಜ್ಯ 2025ರಲ್ಲಿ ಕಾನೂನು ತಂದಿತು. ವಸೂಲಿಗೆ ಬಂದವನು ಗದರಿದರೆ ಆ ಕಾನೂನು ನೆರವಿಗೆ ಬರಬಹುದು. ಸಹಿ ಹಾಕುವ ಮೊದಲು “ಇದು 12 ಅಲ್ಲ, 21” ಎನ್ನಬೇಕಾದವಳು ಸಂಘದ ಪುಸ್ತಕ ಬರೆಯುವ ಹುಡುಗಿ. ಈ ಸಂಘಗಳ ಸಂಜೀವಿನಿ ಒಕ್ಕೂಟಗಳಲ್ಲಿ ಮುಖ್ಯ ಪುಸ್ತಕ ಬರಹಗಾರರ ಹುದ್ದೆಯೇ ಇದೆ. ಅಲ್ಲಿ ಕೂರುವವಳಿಗೆ ಈ ಲೆಕ್ಕ ಬಂದರೆ ಒಂದು ಪಂಚಾಯಿತಿಯ ನೂರಾರು ಮನೆಗಳು ಉಳಿಯುತ್ತವೆ. ಬೆಂಗಳೂರಿನ ಯಾವ ಕಚೇರಿಯಲ್ಲಿ ಒಬ್ಬ ಬಿ.ಕಾಂ. ಪದವೀಧರೆಯ ಕೈಯಲ್ಲಿ ಅಷ್ಟು ಶಕ್ತಿ ಇದೆ?

ಪಟ್ಟಿ ಇಲ್ಲಿಗೆ ನಿಲ್ಲುವುದಿಲ್ಲ. ಹವಾಮಾನ ಆಧಾರಿತ ವಿಮೆಯಲ್ಲಿ ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ, ರೈತನ ಪಾಲು ಶೇ 5, ಅಂದರೆ 6,400. ಪರಿಹಾರ ಎಷ್ಟೆಂದು ನಿರ್ಧಾರವಾಗುವುದು ತೋಟದಲ್ಲಿ ಉದುರಿದ ಕಾಯಿ ಎಣಿಸಿ ಅಲ್ಲ, ಮಳೆಮಾಪಕದ ಅಂಕಿಯನ್ನು ವಿಮೆಯ ಷರತ್ತಿನ ಕೋಷ್ಟಕಕ್ಕೆ ಹೊಂದಿಸಿ. ಆ ಕೋಷ್ಟಕ ಓದಬಲ್ಲವರಿಲ್ಲದ ಊರಿನಲ್ಲಿ ಪರಿಹಾರ ಬಂದರೆ ದೇವರು ಕೊಟ್ಟದ್ದು, ಬಾರದಿದ್ದರೆ ಅಧಿಕಾರಿ ತಿಂದದ್ದು. ರೈತ ಉತ್ಪಾದಕ ಕಂಪನಿಗಳದು ಇನ್ನೊಂದು ಕತೆ. ಉತ್ಸಾಹದಿಂದ ನೋಂದಾಯಿಸುತ್ತಾರೆ. ಅದು ಕಂಪನಿ ಕಾಯ್ದೆಯ ಅಡಿ ಬರುತ್ತದೆ, ವರ್ಷವರ್ಷ ಲೆಕ್ಕಪತ್ರ ಸಲ್ಲಿಸಬೇಕು, ತಡವಾದರೆ ಒಂದೊಂದು ಫಾರಮಿಗೂ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ ಎಂಬುದು ನೋಟಿಸ್ ಬಂದಾಗ ತಿಳಿಯುತ್ತದೆ.

ಇಷ್ಟು ಹೇಳಿದ ಮೇಲೆ ಹೊಸ ಕಾಲದ ಆಕ್ಷೇಪ ಎದ್ದುನಿಲ್ಲುತ್ತದೆ: ಇದನ್ನೆಲ್ಲ ಇನ್ನು ಕಂಪ್ಯೂಟರ್ ಮಾಡುತ್ತದಲ್ಲ! ಟ್ಯಾಲಿ ಇದೆ, ಜಿಎಸ್‌ಟಿ ಪೋರ್ಟಲ್ ಇದೆ, ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರೀಕರಿಸಲು 2022ರಲ್ಲಿ ಕೇಂದ್ರ 2,516 ಕೋಟಿ ರೂಪಾಯಿಯ ಯೋಜನೆ ತಂದಿದೆ, ಮೇಲೆ ಕೃತಕ ಬುದ್ಧಿಮತ್ತೆ ಬೇರೆ ಬಂದಿದೆ. ಇನ್ನು ಅಕೌಂಟೆಂಟ್ ಯಾಕೆ? ಈ ಪ್ರಶ್ನೆ ಕೇಳುವವರು ಲೆಕ್ಕ ಎಂದರೆ ಬರೆಯುವುದು ಎಂದುಕೊಂಡಿದ್ದಾರೆ. ಬರೆಯುವ ಕೆಲಸ ಯಂತ್ರಕ್ಕೆ ಹೋಗುವುದಾದರೆ ಹೋಗಲಿ, ಅಳುವವರು ಯಾರೂ ಇಲ್ಲ. ಡೆಬಿಟ್ಟಿಗೆ ಕ್ರೆಡಿಟ್ ಹೊಂದಿತೆಂದು ನಕಲಿ ಚಿನ್ನ ಅಸಲಿಯಾಗುವುದಿಲ್ಲ. ಗೋದಾಮಿನಲ್ಲಿ 200 ಚೀಲ ಇದೆ ಎಂದು ಪರದೆ ತೋರಿಸಬಹುದು, ಒಳಗೆ ಹೋಗಿ ಎಣಿಸುವ ಮನುಷ್ಯ ಬೇಕು. ಎಣಿಸಿದ ಮೇಲೆ ಅಧ್ಯಕ್ಷರ ಮುಖ ನೋಡದೆ 160 ಎಂದು ಬರೆಯುವ ಎದೆಗಾರಿಕೆ ಬೇಕು. ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಯಾರು ಯಾವಾಗ ಏನು ತಿದ್ದಿದರೆಂಬ ಜಾಡು ಅಳಿಸದಂತೆ ಉಳಿಯಲೇಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಜಾಡು ಉಳಿಯುತ್ತದೆ ಸರಿ, ಹಿಡಿದು ಹೋಗುವವರು? ಯಂತ್ರ ಬಂದಷ್ಟೂ ಎಂಟ್ರಿ ಹೊಡೆಯುವವನ ಬೆಲೆ ಇಳಿಯುತ್ತದೆ, ಪ್ರಶ್ನೆ ಕೇಳುವವನ ಬೆಲೆ ಏರುತ್ತದೆ. ನಾವು ಮಕ್ಕಳಿಗೆ ಮೂರು ತಿಂಗಳ ಟ್ಯಾಲಿ ಕೋರ್ಸಿನ ಸರ್ಟಿಫಿಕೇಟ್ ಕೊಡಿಸಿ ಮೊದಲಿನವನ ಸಾಲಿನಲ್ಲಿ ನಿಲ್ಲಿಸುತ್ತಿದ್ದೇವೆ.

‘ಸಿಎ ಇಲ್ಲವೇ ಸೊನ್ನೆ’ ಎನ್ನುವ ಗಾದೆಯಿಂದಲೂ ಇಷ್ಟೇ ಅನಾಹುತ. ಸಿಎ ಆಗುವುದು ಖಂಡಿತ ಒಳ್ಳೆಯದು. ಪದವಿಯಲ್ಲಿ ಶೇ 55 ಅಂಕ ಪಡೆದ ಕಾಮರ್ಸಿನವರು ಫೌಂಡೇಶನ್ ಬರೆಯದೆ ನೇರ ಇಂಟರ್‌ಮೀಡಿಯೆಟ್ ಸೇರಬಹುದು. ಮೂರು ವರ್ಷವಿದ್ದ ಆರ್ಟಿಕಲ್‌ಶಿಪ್ 2023ರ ಹೊಸ ಯೋಜನೆಯಲ್ಲಿ ಎರಡಕ್ಕಿಳಿದಿದೆ. ತೀರ್ಥಹಳ್ಳಿಯಲ್ಲೋ ಸಾಗರದಲ್ಲೋ ಒಬ್ಬ ಸಿಎ ಬಳಿ ಆ ಎರಡು ವರ್ಷ ಕಳೆದವನು ಮಂಡಿ, ಸೊಸೈಟಿ, ಪೆಟ್ರೋಲ್ ಬಂಕ್, ದೇವಸ್ಥಾನ, ಗುತ್ತಿಗೆದಾರ ಎಲ್ಲರ ಪುಸ್ತಕ ನೋಡಿರುತ್ತಾನೆ. ಮಹಾನಗರದ ದೊಡ್ಡ ಸಂಸ್ಥೆಯಲ್ಲಿ ಒಂದೇ ಕಂಪನಿಯ ಒಂದೇ ಮೂಲೆಯ ವೋಚರಿಗೆ ಟಿಕ್ ಹಾಕಿದವನಿಗೆ ಆ ಅನುಭವ ಸಿಗುವುದು ಕಷ್ಟ. ಆದರೆ ಲೆಕ್ಕದ ಲೋಕ ಅಲ್ಲಿಗೇ ಮುಗಿಯುವುದಿಲ್ಲ. ಕಾಸ್ಟ್ ಅಕೌಂಟೆಂಟ್ ಇದೆ, ಕಂಪನಿ ಸೆಕ್ರೆಟರಿ ಇದೆ, ರಾಜ್ಯದ ಲೆಕ್ಕಪತ್ರ ಇಲಾಖೆ ಇದೆ, ಸಹಕಾರ ಸಂಘಗಳ ಲೆಕ್ಕಪರಿಶೋಧನೆಗೆ ಬೇರೆಯೇ ಇಲಾಖೆ ಇದೆ, ಪಂಚಾಯಿತಿಗಳಲ್ಲಿ ಲೆಕ್ಕ ಸಹಾಯಕರಿದ್ದಾರೆ, ಜಿಎಸ್‌ಟಿ ಮತ್ತು ಆದಾಯ ತೆರಿಗೆಯ ಕೆಲಸ ಮಾಡಿಕೊಡುವ ವೃತ್ತಿ ಇದೆ. ಸಿಎ ಪಾಸಾಗದವನನ್ನು ಸೋತವನೆಂದು ಕರೆಯುವ ಊರು, ಅವನು ಕಲಿತಿರುವ ಮುಕ್ಕಾಲು ವಿದ್ಯೆಯನ್ನು ಮಣ್ಣುಪಾಲು ಮಾಡುತ್ತಿದೆ.

ಸಂಬಳದ ಮಾತಿಗೂ ಉತ್ತರ ಕೊಡಬೇಕು. ಕೋಟಿಗಟ್ಟಲೆ ಠೇವಣಿ ಇಟ್ಟುಕೊಂಡ ಎಷ್ಟೋ ಸಂಘಗಳಲ್ಲಿ ಲೆಕ್ಕ ಬರೆಯುವವನಿಗೆ ಕೊನೆಗೌಡನ ಗಳಿಕೆಯಷ್ಟೂ ಸಿಗುವುದಿಲ್ಲ. ಹುದ್ದೆ ತುಂಬುವಾಗ ಅಂಕಪಟ್ಟಿಗಿಂತ ಹೆಚ್ಚಾಗಿ ನಿರ್ದೇಶಕರ ನೆಂಟಸ್ತಿಕೆ ನೋಡುವುದೂ ಉಂಟು. ಇದು ಬಡತನವಲ್ಲ, ಲೆಕ್ಕಾಚಾರ. ಚೆನ್ನಾಗಿ ಓದಿದವನು ಬಂದು ಕೂತರೆ ಪ್ರಶ್ನೆ ಕೇಳುತ್ತಾನೆ, ಹಂಗಿನಲ್ಲಿದ್ದವನು ಕೇಳುವುದಿಲ್ಲ. ಕಡಿಮೆ ಸಂಬಳದ ಗುಮಾಸ್ತ ಕೆಲವರಿಗೆ ಬಹಳ ಲಾಭದವನು. “ಇಲ್ಲೆಂಥ ಇದೆ, ಬೆಂಗಳೂರಿಗೆ ಹೋಗು” ಎಂದು ಮಗನಿಗೆ ಹೇಳುವ ಅಪ್ಪ, ಅದೇ ಸಂಘದಲ್ಲಿ ಮಗಳ ಮದುವೆಗೆಂದು ಠೇವಣಿ ಇಟ್ಟಿದ್ದಾನೆ ಎಂಬುದನ್ನು ಮರೆತಿದ್ದಾನೆ.

ಪಾಠ ಹೇಳುವ ವ್ಯವಸ್ಥೆಗೂ ಇದರಲ್ಲಿ ದೊಡ್ಡ ಪಾಲಿದೆ. 2021-22ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024-25ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಪಠ್ಯಕ್ರಮದ ಹೊದಿಕೆ ಹೀಗೆ ಬದಲಾಗುತ್ತಲೇ ಇದ್ದರೂ ಒಳಗಿನ ‘ಎಕ್ಸ್ ಲಿಮಿಟೆಡ್’ ಮಾತ್ರ ಕದಲಿಲ್ಲ. ವಿದ್ಯಾರ್ಥಿ ಮೂರು ವರ್ಷ ಇಲ್ಲದ ಕಂಪನಿಯ ಷೇರು ಹಂಚುತ್ತಾನೆ, ಇಲ್ಲದ ಪಾಲುದಾರರ ಜಗಳ ಬಿಡಿಸುತ್ತಾನೆ, ಇಲ್ಲದ ಕಾರ್ಖಾನೆ ಮುಚ್ಚುತ್ತಾನೆ. ತನ್ನ ಅಜ್ಜ ಸದಸ್ಯನಾಗಿರುವ ಸಂಘದ ಅಢಾವೆ ಪತ್ರಿಕೆಯನ್ನು ಒಮ್ಮೆಯೂ ಮುಟ್ಟದೆ ಪದವಿ ಪಡೆಯುತ್ತಾನೆ. ವೈದ್ಯಕೀಯ ಕಾಲೇಜಿಗೆ ಆಸ್ಪತ್ರೆ ಬೇಕು ಎನ್ನುವವರು ಕಾಮರ್ಸ್ ಕಾಲೇಜಿಗೆ ಸೊಸೈಟಿ ಬೇಕು ಎಂದು ಯಾಕೆ ಕೇಳುವುದಿಲ್ಲ?

ಇದಕ್ಕೆ ಹೊಸ ಅನುದಾನವೂ ಬೇಡ, ಹೊಸ ಕಟ್ಟಡವೂ ಬೇಡ. ವಾರ್ಷಿಕ ವರದಿಗಳು ಸದಸ್ಯರ ಮನೆಯಲ್ಲೇ ಬಿದ್ದಿವೆ. ಕೊನೆಯ ವರ್ಷದ ಪ್ರತಿ ವಿದ್ಯಾರ್ಥಿಯೂ ತನ್ನ ಮನೆಯವರು ಸದಸ್ಯರಾಗಿರುವ ಒಂದು ಸಂಘದ ಐದು ವರ್ಷದ ವರದಿ ಹಿಡಿದು, ಸುಸ್ತಿ, ಲಾಭ, ಮೀಸಲು ನಿಧಿ, ಆಡಿಟ್ ಆಕ್ಷೇಪಣೆಗಳನ್ನು ಸಾಲಾಗಿ ಇಟ್ಟು ಒಂದು ಪ್ರಬಂಧ ಬರೆಯಲಿ. ಒಂದು ತೋಟದ ಒಂದು ಫಸಲಿನ ಪೂರ್ತಿ ಖರ್ಚನ್ನು, ಮನೆಯವರ ದುಡಿಮೆಗೂ ಕೂಲಿ ಕಟ್ಟಿ, ತೆಗೆಯಲಿ. ಮನೆಯ ಹೆಂಗಸರು ಅಡಿಕೆ ಸುಲಿದ ರಾತ್ರಿಗಳಿಗೂ ಆಗ ಒಂದು ಅಂಕಿ ಬೀಳುತ್ತದೆ. ಸಂಘಗಳು ವರ್ಷಕ್ಕೆ ಇಬ್ಬರನ್ನು ಭತ್ಯೆ ಕೊಟ್ಟು ತರಬೇತಿಗೆ ತೆಗೆದುಕೊಳ್ಳಲಿ. ‘ಒಳಗಿನ ವಿಷಯ ಹೊರಗೆ ಹೋಗುತ್ತದೆ’ ಎಂದು ಯಾವ ಸಂಘ ಬಾಗಿಲು ಹಾಕುತ್ತದೋ, ಅಲ್ಲಿ ಠೇವಣಿ ಇಟ್ಟವರಿಗೆ ಅಷ್ಟೇ ಸೂಚನೆ ಸಾಕು.

ಬೆಂಗಳೂರಿಗೆ ಹೋಗಲೇಬಾರದೆಂದು ಯಾರೂ ಹೇಳುತ್ತಿಲ್ಲ. ಹೋಗುವವರು ಹೋಗಲಿ, ಅಲ್ಲಿಂದಾಚೆಗೂ ಹೋಗಲಿ. ಚೇಣಿಯ ಲೆಕ್ಕ, ಮಂಡಿಯ ಬಡ್ಡಿ, ಸೊಸೈಟಿಯ ಸುಸ್ತಿ ಇವನ್ನು ಕೈಯಾರೆ ಬಿಡಿಸಿದವನು ಅಲ್ಲಿಯೂ ಎಂಟ್ರಿ ಹೊಡೆಯುವವನಾಗಿ ಉಳಿಯುವುದಿಲ್ಲ. ಊರಿನ ಲೆಕ್ಕ ಕಲಿತರೆ ಹೊರಗಿನ ಬಾಗಿಲು ಮುಚ್ಚುತ್ತದೆ ಎನ್ನುವುದು ಊರಿನ ಬಗ್ಗೆ ನಮಗಿರುವ ಕೀಳರಿಮೆಯೇ ಹೊರತು ಅದಕ್ಕೆ ಬೇರೆ ಆಧಾರವಿಲ್ಲ.

ಹಾಗಾಗಿ ಕಾಮರ್ಸ್ ಓದುತ್ತಿರುವ ಮಕ್ಕಳಿಗೆ ಸಮಾಧಾನ ಹೇಳುವುದನ್ನು ನಿಲ್ಲಿಸಿ ಕೆಲಸ ಹೇಳೋಣ. ಈ ಸಲದ ಮಹಾಸಭೆಗೆ ಅಪ್ಪನೋ ಅಮ್ಮನೋ ಹೊರಟಾಗ ವರದಿಯ ಕೊನೆಯ ನಾಲ್ಕು ಪುಟವನ್ನು ಹಿಂದಿನ ರಾತ್ರಿ ಮಕ್ಕಳು ಓದಿ, ಮೂರು ಪ್ರಶ್ನೆ ಬರೆದು ಅವರ ಕೈಗೆ ಕೊಡಲಿ: ಸುಸ್ತಿ ಎಷ್ಟು, ಅದರಲ್ಲಿ ನಿರ್ದೇಶಕರದೂ ಅವರ ನೆಂಟರದೂ ಎಷ್ಟು, ಹೋದ ವರ್ಷದ ಆಡಿಟ್ ಆಕ್ಷೇಪಣೆಗಳಲ್ಲಿ ಸರಿಪಡಿಸಿದ್ದು ಎಷ್ಟು. ಸದಸ್ಯನಿಗೆ ಇದನ್ನು ಕೇಳುವ ಹಕ್ಕಿದೆ. ವೇದಿಕೆಯ ಮೇಲಿನವರು ಉತ್ತರ ಕೊಟ್ಟರೆ ಊರಿಗೆ ಒಳ್ಳೆಯದು. ತಡವರಿಸಿದರೆ, ಲೆಕ್ಕ ಓದಿದವರಿಗೆ ಇಲ್ಲಿ ಕೆಲಸವಿಲ್ಲ ಎಂದು ಇಷ್ಟು ವರ್ಷ ಹೇಳುತ್ತ ಬಂದವರು ಯಾಕೆ ಹಾಗೆ ಹೇಳುತ್ತಿದ್ದರೆಂಬುದು ಸಭೆಯಲ್ಲಿ ಕೂತ ಎಲ್ಲರಿಗೂ ತಿಳಿಯುತ್ತದೆ.